ಸ್ಥಾನಪಲ್ಲಟ ಮತ್ತು ಸಾಧನೆ: ಬಾಸ್ಕೆಟ್‌ಬಾಲ್ ಆಟದಲ್ಲಿ ಹೊಸಬನ ಕಲಿಕೆ

‘ಸ್ಥಾನ’ ಎಂಬ ಶಬ್ದವು ಸಂಸ್ಕೃತದ ‘ಸ್ಥಾ’ ಧಾತುವಿನಿಂದ ಹುಟ್ಟಿದುದು. ನಿಲ್ಲುವುದು ಎಂಬುದೇ ಆ ಧಾತುವಿನ ಅರ್ಥ. ‘ಸ್ಥಾವರ’ ಎಂಬುದೂ ಅದೇ ಧಾತುವಿನ ಸಂತಾನ. ಇದಕ್ಕೆ ಇದಿರಾದ ‘ಜಂಗಮ’ವು ಹೋಗುವುದು ಎಂಬರ್ಥದ ‘ಗಮ್’ ಧಾತುವಿನಿಂದ ಬಂದಿದೆ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮಹಾವೃಕ್ಷಗಳು ಸ್ಥಾವರಕ್ಕೆ ಒಳ್ಳೆಯ ನಿದರ್ಶನ. ಬೇರೂರಿದೆಡೆಯಲ್ಲಿಯೇ ಅವು ಶತಮಾನಗಳನ್ನು ಕಳೆದವು. ಮನುಷ್ಯನು ಮರವಲ್ಲ. ಅವನ ಸ್ಥಾನವು ಬೇರಿನಿಂದ ನಿಶ್ಚಿತವಾದುದಲ್ಲ, ಕಾಯಕದಿಂದ ಸಿದ್ಧವಾಗತಕ್ಕದ್ದು. ಈ ತತ್ತ್ವವು ಶರಣರ ಬೋಧೆಯಲ್ಲಿ ಎಷ್ಟು ಸ್ಪಷ್ಟವಾಗಿದೆಯೋ, ಶಾಲೆಯ ಆಟದ ಬಯಲಿನಲ್ಲಿಯೂ ಅಷ್ಟೇ ಸ್ಪಷ್ಟವಾಗಿ ಕಾಣಬರುತ್ತದೆ. ಬಾಸ್ಕೆಟ್‌ಬಾಲ್ ಆಟದಲ್ಲಿ ಹೊಸ ಸ್ಥಾನಕ್ಕೆ ನಿಯುಕ್ತನಾದ ಹೊಸಬ ಆಟಗಾರನು ಎದುರಿಸುವ ತೊಡಕುಗಳನ್ನು ವಿವೇಚಿಸಿದಾಗ ಇದು ಮನವರಿಕೆಯಾದೀತು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮಕ್ಕಳಿಗೆ ಮೊದಲು ಪರಿಚಯವಾಗುವುದು ಕಬಡ್ಡಿ ಮತ್ತು ಖೋಖೋ. ಸುಗ್ಗಿ ಮುಗಿದ ಮೇಲೆ ಬರಿದಾದ ಕಣವೇ ಅವರ ಕ್ರೀಡಾಂಗಣ. ಕಾಳು ಒಕ್ಕುವ ನೆಲಕ್ಕೂ ಸ್ಪರ್ಧೆಯ ನೆಲಕ್ಕೂ ಕನ್ನಡದಲ್ಲಿ ‘ಕಣ’ವೆಂಬ ಒಂದೇ ಹೆಸರಿರುವುದು ಅರ್ಥವತ್ತಾಗಿದೆ, ಎರಡೆಡೆಯಲ್ಲಿಯೂ ಜೊಳ್ಳು ಬೇರೆ, ಗಟ್ಟಿ ಬೇರೆ ಆಗುತ್ತದೆ. ಬಾಸ್ಕೆಟ್‌ಬಾಲ್ ಈ ಮಕ್ಕಳಿಗೆ ಸಾಮಾನ್ಯವಾಗಿ ಪ್ರೌಢಶಾಲೆಯಲ್ಲಿ, ಇಲ್ಲವೆ ಕಾಲೇಜಿನಲ್ಲಿ ದೊರೆಯುವ ಆಟ. ಪುಟಿಯುವ ಚೆಂಡಿಗೆ ಗಟ್ಟಿಯಾದ ಸಮತಲ ನೆಲ ಬೇಕು. ಮಳೆಗಾಲದಲ್ಲಿ ಅಂಟುವ, ಬೇಸಗೆಯಲ್ಲಿ ಬಿರಿಯುವ ಎರೆಯ ನೆಲದಲ್ಲಿ ಅದು ನೆಟ್ಟಗೆ ಮೇಲೇಳದು. ಹೀಗೆ ತಡವಾಗಿ ಆಟಕ್ಕೆ ಬಂದ ಹುಡುಗನಿಗೆ ಒಂದು ಸ್ಥಾನವನ್ನು ಕಲಿಯುವುದೇ ಪ್ರಯಾಸ. ಅದನ್ನು ಬಿಟ್ಟು ಇನ್ನೊಂದನ್ನು ಕಲಿಯೆಂದರೆ ಅವನ ಪಾಡೇನು?

ಆಟದ ಹುಟ್ಟು

ಈ ಆಟವು ಹುಟ್ಟಿದ್ದು ಅಮೇರಿಕದ ಮಸಾಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ೧೮೯೧ರ ಡಿಸೆಂಬರ್ ತಿಂಗಳಲ್ಲಿ. ಕೆನಡಾ ದೇಶದವರಾದ ಜೇಮ್ಸ್ ನೇಯ್‌ಸ್ಮಿತ್ ಎಂಬ ಅಧ್ಯಾಪಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ತಮ್ಮ ತರಗತಿಗಾಗಿ ರೂಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಬಡಿಸಿ, ಹದಿಮೂರು ನಿಯಮಗಳನ್ನು ಬರೆದು, ಹದಿನೆಂಟು ವಿದ್ಯಾರ್ಥಿಗಳನ್ನು ಒಂಬತ್ತೊಂಬತ್ತರಂತೆ ಎರಡು ಪಂಗಡ ಮಾಡಿ ಆಡಿಸಿದರು. ಚೆಂಡನ್ನು ಹಿಡಿದವನು ಓಡಕೂಡದು, ಹಿಡಿದ ಸ್ಥಳದಿಂದಲೇ ಎಸೆಯಬೇಕು ಎಂಬುದು ಆ ನಿಯಮಗಳಲ್ಲೊಂದು. ಅಂದರೆ ಚೆಂಡು ಜಂಗಮವಾಗಿತ್ತು. ಚೆಂಡು ಹಿಡಿದ ಆಟಗಾರನು ಸ್ಥಾವರನಾಗಿದ್ದನು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುಂದೆ ಸಾಗುವ ‘ಡ್ರಿಬ್ಲಿಂಗ್’ ಬಂದದ್ದು ಆಮೇಲೆ. ಅದು ಬಂದ ಬಳಿಕವೇ ಆಟಗಾರನಿಗೂ ಜಂಗಮತ್ವ ಪ್ರಾಪ್ತವಾಯಿತು. ಪಂಗಡವೊಂದಕ್ಕೆ ಐದು ಮಂದಿ ಎಂಬ ಲೆಕ್ಕವೂ ಕೆಲವು ವರ್ಷಗಳಲ್ಲಿ ನೆಲೆಗೊಂಡಿತು. ೧೯೩೬ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ, ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಈ ಆಟದ ಸ್ಪರ್ಧೆ ಆರಂಭವಾಯಿತು. ಭಾರತದ ಪುರುಷರ ತಂಡವು ೧೯೮೦ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಆಡಿತು.

ಐದು ಸ್ಥಾನಗಳು

ಅಂಕಣದ ಉದ್ದ ೨೮ ಮೀಟರ್, ಅಗಲ ೧೫ ಮೀಟರ್. ಬುಟ್ಟಿಯ ಬಳೆಯು ನೆಲದಿಂದ ೩.೦೫ ಮೀಟರ್ ಎತ್ತರದಲ್ಲಿರುತ್ತದೆ; ಇದು ನೇಯ್‌ಸ್ಮಿತ್ತರ ಹತ್ತು ಅಡಿಯೇ. ಐವರ ಸ್ಥಾನಗಳನ್ನು ಒಂದರಿಂದ ಐದರವರೆಗಿನ ಅಂಕೆಗಳಿಂದ ಗುರುತಿಸುವುದು ರೂಢಿ. ಒಂದನೆಯವನು ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದಕ್ಕೆ ತಂದು ಆಟವನ್ನು ಹೂಡುವವನು. ಎರಡನೆಯವನು ಶೂಟಿಂಗ್ ಗಾರ್ಡ್; ದೂರದಿಂದ ಬುಟ್ಟಿಗೆ ಎಸೆಯುವುದರಲ್ಲಿ ನಿಪುಣ. ಮೂರನೆಯ ಸ್ಮಾಲ್ ಫಾರ್ವರ್ಡ್ ಒಳಗೂ ಹೊರಗೂ ಸಲ್ಲುವವನು. ನಾಲ್ಕನೆಯ ಪವರ್ ಫಾರ್ವರ್ಡ್ ಬುಟ್ಟಿಯ ಸಮೀಪದಲ್ಲಿ ಬಲದಿಂದ ಕಾದಾಡುವವನು. ಐದನೆಯ ಸೆಂಟರ್ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು. ಬುಟ್ಟಿಯ ಕೆಳಗೆ ನಿಂತು, ಗುರಿತಪ್ಪಿ ಹಿಂದಿರುಗಿದ ಚೆಂಡನ್ನು ಹಿಡಿಯುವುದು, ಅಂದರೆ ‘ರಿಬೌಂಡ್’ ಪಡೆಯುವುದು, ಅವನ ಮುಖ್ಯ ಕೆಲಸ.

ಈ ಹೆಸರುಗಳು ನಿಯಮಗ್ರಂಥವು ವಿಧಿಸಿದ ಕಟ್ಟುಗಳಲ್ಲ. ಐದನೆಯವನು ಚೆಂಡನ್ನು ಪುಟಿಸುತ್ತ ಬರಬಾರದೆಂದಾಗಲಿ, ಒಂದನೆಯವನು ರಿಬೌಂಡ್ ಹಿಡಿಯಬಾರದೆಂದಾಗಲಿ ಯಾವ ನಿಯಮವೂ ಇಲ್ಲ. ಸ್ಥಾನವೆಂಬುದು ಕೆಲಸದ ಹಂಚಿಕೆ ಮಾತ್ರ. ವಿದ್ಯಾರ್ಥಿಗಳು ಈ ಅಂಶವನ್ನು ಮೊದಲು ಮನಗಾಣಬೇಕು.

ಪಲ್ಲಟವೇಕೆ?

ಹಳ್ಳಿಯ ಶಾಲೆಯೊಂದರ ಎತ್ತರದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹದಿಮೂರನೆಯ ವಯಸ್ಸಿನಲ್ಲಿಯೇ ಅವನು ಸಹಪಾಠಿಗಳಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾನೆ. ಅವನನ್ನು ನೋಡಿದೊಡನೆ ಶಿಕ್ಷಕರು ಬುಟ್ಟಿಯ ಕೆಳಗೆ ನಿಲ್ಲಿಸುತ್ತಾರೆ. ಮೂರು ವರ್ಷ ಅವನು ಅಲ್ಲಿಯೇ ನಿಂತು ಜಯಶಾಲಿಯಾಗುತ್ತಾನೆ. ಆಮೇಲೆ ಅವನ ಬೆಳವಣಿಗೆ ನಿಲ್ಲುತ್ತದೆ, ಇತರರು ಬೆಳೆಯುತ್ತಾರೆ. ಹಾವೇರಿಗೋ ಹುಬ್ಬಳ್ಳಿಗೋ ಧಾರವಾಡಕ್ಕೋ ಕಾಲೇಜು ಸೇರಿದಾಗ ಅಲ್ಲಿ ಅವನಿಗಿಂತ ಎತ್ತರದವರು ಮೂವರಿರುತ್ತಾರೆ. ‘ಇನ್ನು ಮೇಲೆ ನೀನು ಗಾರ್ಡ್ ಆಡಬೇಕು’ ಎಂಬ ಅಪ್ಪಣೆಯಾಗುತ್ತದೆ. ನಿನ್ನೆಯವರೆಗೆ ತಂಡದ ಕಂಬವಾಗಿದ್ದವನು ಇಂದು ಅಂಗಳದಲ್ಲಿ ತಡವರಿಸುವ ಕೂಸಾಗುತ್ತಾನೆ. ಇಲ್ಲಿ ಗೆಲುವು ಸೋಲುಗಳ ಮಾತು ಸಣ್ಣದು. ಈ ಹುಡುಗನು ಒಂದೆರಡು ತಿಂಗಳಲ್ಲಿ ಆಟವನ್ನೇ ತೊರೆದುಬಿಡುವನೋ, ನಿಂತು ಕಲಿಯುವನೋ ಎಂಬುದೇ ನಿಜವಾದ ಪ್ರಶ್ನೆ.

ಆರು ತೊಡಕುಗಳು

ಮೊದಲನೆಯದು ದೃಷ್ಟಿಯ ತೊಡಕು. ಸೆಂಟರನು ಬಹುಮಟ್ಟಿಗೆ ಬುಟ್ಟಿಗೆ ಬೆನ್ನು ಮಾಡಿ ನಿಲ್ಲುವವನು. ಅವನ ಕಣ್ಣು ಚೆಂಡಿನ ಮೇಲೆ. ಗಾರ್ಡನು ಬುಟ್ಟಿಗೆ ಮುಖ ಮಾಡಿ ಇಡೀ ಅಂಕಣವನ್ನು ನೋಡತಕ್ಕವನು. ತನ್ನವರು ನಾಲ್ವರು, ಇದಿರಾಳಿಗಳು ಐವರು ಅವನ ನೋಟದಲ್ಲಿರಬೇಕು. ಬೆನ್ನು ಇದ್ದ ಕಡೆಗೆ ಮುಖ ಬಂದಾಗ ಅದೇ ಅಂಕಣವು ಹೊಸ ಊರಿನಂತೆ ತೋರುತ್ತದೆ.

ಎರಡನೆಯದು ಕೈಯ ತೊಡಕು. ಗಾರ್ಡನು ಚೆಂಡನ್ನು ನೋಡದೆಯೇ ಪುಟಿಸಬೇಕು, ಎಡಗೈಯಿಂದಲೂ ಬಲಗೈಯಷ್ಟೇ ಸಲೀಸಾಗಿ ಪುಟಿಸಬೇಕು. ಎರಡು ಕೈಗಳಿಂದ ಒಮ್ಮೆಲೇ ಪುಟಿಸುವಂತಿಲ್ಲ. ಪುಟಿಸಿ ಹಿಡಿದ ಮೇಲೆ ಮತ್ತೆ ಪುಟಿಸುವಂತಿಲ್ಲ. ಎತ್ತರದ ಹುಡುಗನ ಕೈಯಿಂದ ನೆಲಕ್ಕಿರುವ ದೂರ ಹೆಚ್ಚು; ಆ ದೂರದಲ್ಲಿಯೇ ಚುರುಕಾದ ಇದಿರಾಳಿಯು ಚೆಂಡನ್ನು ಕಸಿದುಕೊಳ್ಳುತ್ತಾನೆ. ಹೊಸಬನು ಹೆದರಿ ತಲೆ ತಗ್ಗಿಸಿ ಚೆಂಡನ್ನು ನೋಡತೊಡಗಿದರೆ ಮೊದಲನೆಯ ತೊಡಕು ಇಮ್ಮಡಿಯಾಗುತ್ತದೆ.

ಮೂರನೆಯದು ಕಾಲಿನ ತೊಡಕು. ಸೆಂಟರನ ಕಾಲು ಕಿರಿದಾದ ನೆಲದಲ್ಲಿ ಒಂದು ಪಾದವನ್ನು ಊರಿ ಇನ್ನೊಂದನ್ನು ತಿರುಗಿಸಲು ಪಳಗಿರುತ್ತದೆ. ಗಾರ್ಡನ ಕಾಲು ಮಂಡಿ ಬಾಗಿಸಿ ವಿಶಾಲವಾದ ನೆಲದಲ್ಲಿ ಅಡ್ಡಡ್ಡವಾಗಿ ಸರಿಯಬೇಕು. ಕಾಲು ಹಿಂದುಳಿದಾಗ ಕೈ ಮುಂದೆ ಚಾಚುತ್ತದೆ. ಚಾಚಿದ ಕೈ ಇದಿರಾಳಿಗೆ ತಾಗಿ ಫೌಲ್ ಆಗುತ್ತದೆ. ಐದು ಫೌಲ್‌ಗಳಾದರೆ ಆಟಗಾರನು ಹೊರನಡೆಯಬೇಕು. ಹೊಸ ಗಾರ್ಡನ ಫೌಲ್‌ಗಳಿಗೆ ಕಾರಣ ಹಲವು ವೇಳೆ ಒರಟುತನವಲ್ಲ, ಕಾಲಿನ ವಿಳಂಬ.

ನಾಲ್ಕನೆಯದು ಕಾಲಗಣನೆಯ ತೊಡಕು. ಆಟದ ಗಡಿಯಾರವು ಎಲ್ಲರಿಗೂ ಒಂದೇ ಆದರೂ ಪ್ರತಿಯೊಂದು ಸ್ಥಾನಕ್ಕೆ ತನ್ನದೇ ಆದ ಎಣಿಕೆಯಿದೆ. ತನ್ನ ತಂಡದವರ ಬಳಿ ಚೆಂಡಿರುವಾಗ ಇದಿರಾಳಿಯ ಬುಟ್ಟಿಯ ಕೆಳಗಿನ ನಿರ್ಬಂಧಿತ ಪ್ರದೇಶದಲ್ಲಿ ಮೂರು ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಿಲ್ಲಕೂಡದು. ಸೆಂಟರನು ಎಣಿಸುವುದು ಈ ಮೂರನ್ನು. ಎಂಟು ಸೆಕೆಂಡುಗಳೊಳಗೆ ಚೆಂಡನ್ನು ಮಧ್ಯರೇಖೆ ದಾಟಿಸಬೇಕು, ಇಪ್ಪತ್ತನಾಲ್ಕು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕು. ಗಾರ್ಡನು ಎಣಿಸುವುದು ಇವೆರಡನ್ನು. ಸಂಗೀತಗಾರನು ಒಂದು ತಾಳದಿಂದ ಇನ್ನೊಂದಕ್ಕೆ ಹೊರಳಿದಂತೆ ಇವನು ಎಣಿಕೆಯನ್ನು ಬದಲಿಸಬೇಕು.

ಐದನೆಯದು ಮಾತಿನ ತೊಡಕು. ನಮ್ಮ ನಾಡಿನ ಹುಡುಗರಿಗೆ ಇದು ಸಣ್ಣದಲ್ಲ. ಗಾರ್ಡನಾದವನು ಗಟ್ಟಿಯಾಗಿ ಕೂಗಿ ಇತರರನ್ನು ನಿಯೋಜಿಸಬೇಕು. ಆದರೆ ತಂಡದಲ್ಲಿ ಅವನಿಗಿಂತ ಎರಡು ಮೂರು ವರ್ಷ ಹಿರಿಯರು ಇರುತ್ತಾರೆ. ಅಂಗಳದ ಹೊರಗೆ ಅವರನ್ನು ‘ಅಣ್ಣಾ’ ಎಂದು ಕರೆಯುವವನು ಒಳಗೆ ಹೇಗೆ ಅಪ್ಪಣೆ ಮಾಡಿಯಾನು? ಸಂಕೋಚದಿಂದ ಅವನ ದನಿ ಗಂಟಲಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಅವಕಾಶ ಕೈತಪ್ಪುತ್ತದೆ. ‘ಎಡಕ್ಕ’, ‘ಬಲಕ್ಕ’, ‘ಹಿಂದ’ ಎಂಬಂಥ ಬಿಡಿಮಾತುಗಳನ್ನು ತಂಡದವರೆಲ್ಲ ಮೊದಲೇ ಒಪ್ಪಿಕೊಂಡಿದ್ದರೆ ಈ ಸಂಕೋಚ ನೀಗುತ್ತದೆ. ಇಂಥ ಮಾತಿಗೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ; ಅದು ದಿಕ್ಕನ್ನು ಹೇಳುತ್ತದೆ, ವ್ಯಕ್ತಿಯನ್ನು ಹೇಳುವುದಿಲ್ಲ.

ಆರನೆಯದು ಮನಸ್ಸಿನ ತೊಡಕು. ಉಳಿದ ಐದೂ ಇದರಲ್ಲಿ ಬಂದು ಸೇರುತ್ತವೆ. ಹೊಸಬನಿಗೆ ತನ್ನ ಹಳೆಯ ಕೀರ್ತಿಯೇ ಭಾರವಾಗುತ್ತದೆ. ಅಭ್ಯಾಸದಲ್ಲಿ ಸರಿಯಾಗಿ ಆಡಿದವನೂ ಪಂದ್ಯದ ಒತ್ತಡದಲ್ಲಿ ತನಗರಿವಿಲ್ಲದೆಯೇ ಬುಟ್ಟಿಯ ಕೆಳಗೆ ಓಡಿಹೋಗುತ್ತಾನೆ; ದೇಹವು ತನಗೆ ಪರಿಚಿತವಾದ ಆಶ್ರಯವನ್ನು ಹುಡುಕುತ್ತದೆ. ಇದು ದಡ್ಡತನವಲ್ಲ, ಸಂಸ್ಕಾರದ ಬಲ. ಹಳೆಯ ಸಂಸ್ಕಾರವನ್ನು ನಿಂದೆಯಿಂದ ಅಳಿಸಲಾಗದು. ಅದರ ಮೇಲೆ ಹೊಸ ಸಂಸ್ಕಾರವನ್ನು ಆವೃತ್ತಿಯಿಂದಲೇ ಕೂಡಿಸಬೇಕು.

ಹಳೆಯದು ವ್ಯರ್ಥವಲ್ಲ

ವ್ಯಾಕರಣದ ದೃಷ್ಟಾಂತವೊಂದನ್ನು ಇಲ್ಲಿ ಸ್ಮರಿಸಬಹುದು. ‘ಮರ’ ಎಂಬ ನಾಮಪ್ರಕೃತಿಯು ವಿಭಕ್ತಿಪ್ರತ್ಯಯ ಸೇರಿದಂತೆ ‘ಮರವು’, ‘ಮರವನ್ನು’, ‘ಮರದಿಂದ’ ಎಂದಾಗುತ್ತದೆ. ವಾಕ್ಯದಲ್ಲಿ ಅದರ ಕಾರ್ಯ ಬದಲಾಗುತ್ತದೆ, ಪ್ರಕೃತಿಯು ಬದಲಾಗುವುದಿಲ್ಲ. ಸೆಂಟರನಾಗಿದ್ದವನು ಗಾರ್ಡನಾದಾಗಲೂ ಹೀಗೆಯೇ. ಬುಟ್ಟಿಯ ಕೆಳಗಿರುವವನಿಗೆ ಚೆಂಡು ಯಾವ ಎತ್ತರದಲ್ಲಿ, ಯಾವ ಕ್ಷಣದಲ್ಲಿ ಬೇಕೆಂಬುದು ಅವನಿಗೆ ಅನುಭವದಿಂದ ಗೊತ್ತು. ಬರಿಯ ಗಾರ್ಡನಾಗಿಯೇ ಬೆಳೆದವನಿಗೆ ಅದು ಊಹೆಯಿಂದ ಮಾತ್ರ ಗೊತ್ತು. ತಾನು ಹಿಂದೆ ಪಡೆಯಬಯಸಿದ ಪಾಸನ್ನೇ ಈಗ ಅವನು ಇತರರಿಗೆ ಕೊಡಬಲ್ಲನು.

ಖೋಖೋ ಆಡಿ ಬಂದ ಮಕ್ಕಳಿಗೆ ಇನ್ನೊಂದು ಪಾಠವೂ ಸಿದ್ಧವಾಗಿದೆ. ಆ ಆಟದಲ್ಲಿ ಬೆನ್ನಟ್ಟುವ ಪಂಗಡದ ಎಂಟು ಮಂದಿ ಸಾಲಾಗಿ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವನು ಅಟ್ಟುತ್ತಾನೆ. ದಣಿದೊಡನೆ ಅಥವಾ ದಿಕ್ಕು ತಪ್ಪಿದೊಡನೆ ಅವನು ಕುಳಿತವನೊಬ್ಬನ ಹಿಂದೆ ಬಂದು ‘ಖೋ’ ಎನ್ನುತ್ತಾನೆ. ಕುಳಿತವನು ಎದ್ದು ಓಡುತ್ತಾನೆ. ಓಡಿ ಬಂದವನು ಅವನ ಜಾಗದಲ್ಲಿ ಕೂಡುತ್ತಾನೆ. ಅಲ್ಲಿ ಯಾರಿಗೂ ಸ್ವಂತ ಸ್ಥಾನವಿಲ್ಲ, ಕೊಟ್ಟವನೇ ಪಡೆಯುತ್ತಾನೆ. ಕಿರಿಯನು ಹಿರಿಯನಿಗೆ ‘ಖೋ’ ಎಂದರೆ ಅದನ್ನು ಅವಿನಯವೆಂದು ಯಾರೂ ಭಾವಿಸುವುದಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಕೂಗಲು ನಾಚುವ ಹುಡುಗನು ಬಾಲ್ಯದಲ್ಲಿ ತಾನು ಸಾವಿರ ಸಲ ಕೂಗಿದ ಆ ಏಕಾಕ್ಷರವನ್ನು ನೆನೆದರೆ ಸಾಕು.

ಎರಡು ನಿದರ್ಶನಗಳು

ಹೊಸಬನೊಬ್ಬನು ಸ್ಥಾನಪಲ್ಲಟವನ್ನು ಗೆದ್ದುದಕ್ಕೆ ಬಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವು ೧೯೮೦ರ ಮೇ ೧೬ರಂದು ಫಿಲಡೆಲ್ಫಿಯಾ ನಗರದಲ್ಲಿ ನಡೆಯಿತು. ಅಮೇರಿಕದ ವೃತ್ತಿಪರ ಸಂಘವಾದ ಎನ್‌ಬಿಎಯ ಅಂತಿಮ ಸರಣಿಯಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡವು ಮೂರಕ್ಕೆ ಎರಡರಿಂದ ಮುಂದಿತ್ತು. ಆದರೆ ಅದರ ಹೆಸರಾಂತ ಸೆಂಟರ್ ಕರೀಮ್ ಅಬ್ದುಲ್ ಜಬ್ಬಾರರು ಐದನೆಯ ಪಂದ್ಯದಲ್ಲಿ ಪಾದದ ಕೀಲು ಉಳುಕಿ ಆರನೆಯದಕ್ಕೆ ಬರಲಾಗಲಿಲ್ಲ. ಅವರ ಸ್ಥಾನದಲ್ಲಿ ಆಟವನ್ನು ಆರಂಭಿಸಿದವರು ಇಪ್ಪತ್ತು ವರ್ಷದ, ಆ ಸಂಘದಲ್ಲಿ ಮೊದಲನೆಯ ವರ್ಷದ ಆಟಗಾರರಾದ ಅರ್ವಿನ್ ‘ಮ್ಯಾಜಿಕ್’ ಜಾನ್ಸನ್. ಅವರ ನಿಜಸ್ಥಾನ ಪಾಯಿಂಟ್ ಗಾರ್ಡ್. ಅಂದು ಅವರು ಪಂದ್ಯದುದ್ದಕ್ಕೂ ಸ್ಥಾನದಿಂದ ಸ್ಥಾನಕ್ಕೆ ಸರಿಯುತ್ತ ಆಡಿ ೪೨ ಅಂಕ, ೧೫ ರಿಬೌಂಡ್, ೭ ಅಸಿಸ್ಟ್‌ಗಳನ್ನು ಗಳಿಸಿದರು. ಲೇಕರ್ಸ್ ತಂಡವು ೧೨೩–೧೦೭ರಿಂದ ಗೆದ್ದು ಪ್ರಶಸ್ತಿಯನ್ನು ಪಡೆಯಿತು.

ಇದನ್ನು ಪವಾಡವೆಂದು ಬಗೆಯುವುದು ಸುಲಭ. ವಿವೇಚಿಸಿದರೆ ಎರಡು ಕಾರಣಗಳು ಕಾಣುತ್ತವೆ. ಆರು ಅಡಿ ಒಂಬತ್ತು ಅಂಗುಲ ಎತ್ತರದ ಜಾನ್ಸನ್ನರನ್ನು ಆ ಎತ್ತರದ ಕಾರಣದಿಂದಲೇ ಬುಟ್ಟಿಯ ಕೆಳಗೆ ಕಟ್ಟಿಹಾಕಿರಲಿಲ್ಲ. ಚೆಂಡನ್ನು ಪುಟಿಸುವ, ಅಂಕಣವನ್ನು ನೋಡುವ ವಿದ್ಯೆ ಅವರಿಗೆ ಮೊದಲೇ ಕರಗತವಾಗಿತ್ತು. ಇದು ಮೊದಲನೆಯದು. ಅಂದು ಅವರ ಜತೆಗಾರ ಜಮಾಲ್ ವಿಲ್ಕ್ಸ್ ೩೭ ಅಂಕಗಳನ್ನು ಗಳಿಸಿದರು. ಒಬ್ಬನು ಸ್ಥಾನ ಬದಲಿಸಿದಾಗ ಉಳಿದ ನಾಲ್ವರೂ ತಮ್ಮ ಭಾರವನ್ನು ಸರಿಮಾಡಿಕೊಂಡರು. ಇದು ಎರಡನೆಯದು. ಸ್ಥಾನಪಲ್ಲಟವು ಒಬ್ಬನ ಪರೀಕ್ಷೆಯಲ್ಲ, ಐವರ ಪರೀಕ್ಷೆ.

ಇನ್ನೊಂದು ನಿದರ್ಶನವು ಆಟದ ಹೊರಗಿನದು, ಆದರೆ ಹಾನಗಲ್ಲ ತಾಲೂಕಿನದೇ. ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಅಂಧರಾಗಿ ಜನಿಸಿದ ಬಾಲಕನಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತದ ಪ್ರತಿಭೆಯನ್ನು ಗುರುತಿಸಿ ಆಶ್ರಯವಿತ್ತು ಕಲಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆನಿಸಿದರು. ಕರ್ನಾಟಕ, ಹಿಂದೂಸ್ತಾನಿ ಎಂಬ ಎರಡೂ ಪದ್ಧತಿಗಳನ್ನು ಸಾಧಿಸಿ ಅವರು ‘ಉಭಯಗಾನವಿಶಾರದ’ರೆಂದು ಪ್ರಖ್ಯಾತರಾದರು. ಒಂದು ಪದ್ಧತಿಯಲ್ಲಿ ಪಳಗಿದ ಕಂಠವು ಇನ್ನೊಂದಕ್ಕೆ ಒಗ್ಗುವಾಗ ಪಡುವ ಶ್ರಮ ಸಾಮಾನ್ಯವಲ್ಲ. ಸ್ವರಗಳು ಅವೇ ಆದರೂ ಅವುಗಳ ನಡೆ ಬೇರೆ. ಅಂಧ ಬಾಲಕನ ಸ್ಥಾನವು ಇಂತಿಷ್ಟೇ ಎಂದು ಲೋಕವು ನಿರ್ಣಯಿಸುತ್ತಿದ್ದ ಕಾಲದಲ್ಲಿ ಗುರುಗಳು ಹಾಗೆ ನಿರ್ಣಯಿಸಲಿಲ್ಲ ಎಂಬುದನ್ನು ಶಾಲೆಗಳು ಮರೆಯಬಾರದು.

ಅಭ್ಯಾಸಕ್ರಮ

ಹೊಸ ಸ್ಥಾನವನ್ನು ಕಲಿಸುವುದಕ್ಕೆ ಕ್ರಮವಿದೆ. ಮೊದಲು ಚೆಂಡಿಲ್ಲದೆ ಅಂಕಣದಲ್ಲಿ ನಡೆದು, ತಾನೆಲ್ಲಿರಬೇಕು, ಆಗ ಇತರರೆಲ್ಲಿರುತ್ತಾರೆ ಎಂಬುದನ್ನು ಹೊಸಬನು ಬಾಯಿಬಿಟ್ಟು ಹೇಳಬೇಕು. ಬಳಿಕ ಒಬ್ಬನೇ ಎಡಗೈಯಿಂದ ಪುಟಿಸುತ್ತ, ಇದಿರಿನಲ್ಲಿ ನಿಂತವನು ಎಷ್ಟು ಬೆರಳುಗಳನ್ನು ಎತ್ತಿದನೆಂದು ಕೂಗಿ ಹೇಳಬೇಕು. ಇದರಿಂದ ಕೈಯೂ ಕಣ್ಣೂ ಬಾಯಿಯೂ ಒಟ್ಟಿಗೆ ಪಳಗುತ್ತವೆ. ಅನಂತರ ಮೂವರಿಗೆ ಮೂವರಂತೆ ಅರ್ಧ ಅಂಕಣದಲ್ಲಿ ಆಡಬೇಕು. ಪೂರ್ಣ ಪಂದ್ಯದಲ್ಲಿ ಮೊದಲು ಕೆಲವೇ ನಿಮಿಷ ಆ ಸ್ಥಾನವನ್ನು ಒಪ್ಪಿಸಿ, ಕ್ರಮೇಣ ಹೆಚ್ಚಿಸಬೇಕು. ಹೊಸಬನು ತಪ್ಪಿದಾಗ ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದಬೇಕು. ಆರು ತೊಡಕುಗಳನ್ನು ಒಮ್ಮೆಲೇ ಹೇಳಿದರೆ ಏಳನೆಯದೊಂದು ಹುಟ್ಟುತ್ತದೆ; ಅದು ಭಯ.

ಕಿರಿಯ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹನ್ನೆರಡು ವರ್ಷದೊಳಗಿನವರಿಗಾಗಿಯೇ ಐದನೆಯ ಅಳತೆಯ ಸಣ್ಣ ಚೆಂಡು, ೨.೬೦ ಮೀಟರ್ ಎತ್ತರದ ಬುಟ್ಟಿ ಇರುವ ಮಿನಿ ಬಾಸ್ಕೆಟ್‌ಬಾಲ್ ಏರ್ಪಟ್ಟಿದೆ. ಈ ವಯಸ್ಸಿನಲ್ಲಿ ಹುಡುಗರೂ ಹುಡುಗಿಯರೂ ಎಲ್ಲ ಸ್ಥಾನಗಳಲ್ಲಿಯೂ ಸರದಿಯಂತೆ ಆಡಬೇಕು. ದೇಹವು ಮುಂದೆ ಎಷ್ಟು ಬೆಳೆಯುವುದೆಂದು ಬಲ್ಲವರಾರು? ಅಮೇರಿಕದ ಆಂಥನಿ ಡೇವಿಸ್ ಪ್ರೌಢಶಾಲೆಯಲ್ಲಿ ಗಾರ್ಡನಾಗಿ ಆಡುತ್ತಿದ್ದು, ಅಲ್ಲಿರುವಾಗಲೇ ಹಲವು ಅಂಗುಲ ಎತ್ತರ ಬೆಳೆದು, ಬುಟ್ಟಿಯ ಸಮೀಪದ ಸ್ಥಾನಕ್ಕೆ ಸರಿದವರು. ಗಾರ್ಡನಾಗಿ ಕಲಿತ ಕೈಚಳಕವು ಅವರಿಗೆ ಅಲ್ಲಿಯೂ ಒದಗಿತು. ೨೦೧೨ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು.

ಉಪಸಂಹಾರ

ಶಿಗ್ಗಾಂವಿ ತಾಲೂಕಿನ ಬಾಡ ಗ್ರಾಮದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ನಡೆದ ಶ್ರೇಷ್ಠತೆಯ ವಿವಾದವನ್ನು ವರ್ಣಿಸಿದ್ದಾರೆ. ನೋಟಕ್ಕೆ ಬೆಳ್ಳಗಿರುವ ಅಕ್ಕಿ, ಕಪ್ಪಗಿರುವ ರಾಗಿ ಇವೆರಡರಲ್ಲಿ ಯಾವುದು ಮೇಲೆಂಬುದನ್ನು ಶ್ರೀರಾಮನು ಒಡನೆಯೇ ನಿರ್ಣಯಿಸಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಅವಧಿ ಮುಗಿದಾಗ ರಾಗಿಯು ಕೆಡದೆ ಉಳಿದಿತ್ತು. ಕಾಲವೇ ಅಲ್ಲಿ ಪರೀಕ್ಷಕ.

ಹೊಸ ಸ್ಥಾನಕ್ಕೆ ಬಂದ ಹುಡುಗನಿಗೂ ಆ ಆರು ತಿಂಗಳು ಬೇಕು. ಮೊದಲ ವಾರದ ತಡವರಿಕೆಯನ್ನು ಕಂಡು ‘ಇವನಿಂದಾಗದು’ ಎನ್ನುವ ಶಿಕ್ಷಕನೂ, ಎರಡನೆಯ ವಾರದಲ್ಲಿ ‘ನನ್ನಿಂದಾಗದು’ ಎನ್ನುವ ವಿದ್ಯಾರ್ಥಿಯೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಜಂಗಮವಾದುದನ್ನು ಸ್ಥಾವರವೆಂದು ಬಗೆಯುತ್ತಾರೆ. ಹುಟ್ಟಿನಿಂದ ಮನುಷ್ಯನ ಸ್ಥಾನವನ್ನು ಅಳೆಯುವುದು ಸಲ್ಲದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ನಾಡಿನಲ್ಲಿ, ಮೈಯ ಅಳತೆಯಿಂದ ಮಕ್ಕಳ ಸ್ಥಾನವನ್ನು ಕಾಯಂ ಮಾಡುವುದೂ ಸಲ್ಲದು. ಹಾನಗಲ್ಲಿನ ಗದ್ದೆಯ ಬದಿಯ ಶಾಲೆಯಿಂದ ಬರಲಿ, ಹಿರೇಕೆರೂರಿನ ಗೋವಿನಜೋಳದ ಹೊಲದ ಮಗ್ಗುಲಿನ ಶಾಲೆಯಿಂದ ಬರಲಿ, ಮಗುವಿಗೆ ಎಲ್ಲ ಸ್ಥಾನಗಳ ಪರಿಚಯವಾಗಲಿ. ಯಾವುದು ತನ್ನದೆಂಬುದನ್ನು ಅದರ ಕಾಯಕವೇ ಕಾಲಕ್ರಮದಲ್ಲಿ ತೋರಿಸಿಕೊಡುವುದು.